ಅಂಗವೈಕಲ್ಯವಿರುವ ಮಗುವಿನ ಚಿಕಿತ್ಸೆಗೆ ವಿಮೆ: ಶಿವಮೊಗ್ಗ ಜಿಲ್ಲೆಗೆ ಹೊಸದಾಗಿ ಬಂದವರಿಗೆ

ಸಾಮಾನು ಇಳಿಸಿದ ವಾರವೇ ಮಗುವಿನ ಯುಡಿಐಡಿ ಕಾರ್ಡು, ಅಂದರೆ ಅಂಗವಿಕಲರ ಗುರುತಿನ ಚೀಟಿ, ತೆಗೆದು ನೋಡಿ. ಬಳ್ಳಾರಿಯಲ್ಲಿ ಮಾಡಿಸಿದ್ದಿರಲಿ, ಮುಂಬೈಯಲ್ಲಿ ಮಾಡಿಸಿದ್ದಿರಲಿ, ಇಲ್ಲೂ ನಡೆಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ದೇಶವಿಡೀ ಮಾನ್ಯತೆ ಇದೆ. ಜಿಲ್ಲೆ ಬದಲಾಯಿತೆಂದು ಮತ್ತೆ ತಪಾಸಣೆಗೆ ನಿಲ್ಲಬೇಕಿಲ್ಲ. ಆದರೆ ಚಿಕ್ಕ ಮಕ್ಕಳಿಗೆ ಹೆಚ್ಚಾಗಿ ತಾತ್ಕಾಲಿಕ ಪ್ರಮಾಣಪತ್ರ ಕೊಟ್ಟಿರುತ್ತಾರೆ, ಅದರ ಅವಧಿ ಯಾವಾಗ ಮುಗಿಯುತ್ತದೆ ನೋಡಿಕೊಳ್ಳಿ. ಕಾರ್ಡೇ ಇಲ್ಲದಿದ್ದರೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ, ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಿ. ಹಳ್ಳಿಯಲ್ಲಿ ಮನೆ ಮಾಡಿದವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಜನ ಅವರನ್ನು ‘ವಿಆರ್‌ಡಬ್ಲ್ಯೂ’ ಎಂದೇ ಕರೆಯುತ್ತಾರೆ. ಅರ್ಜಿ ತುಂಬಿಸುವುದು ಅವರ ಕೆಲಸವೇ, ಸಂಕೋಚ ಬೇಡ.

ಒಂದು ವಿಮೆ ಇದ್ದರೆ ಸಾಕು ಎಂದುಕೊಳ್ಳುವವರೇ ಹೆಚ್ಚು. ಸಾಮಾನ್ಯ ಆರೋಗ್ಯ ವಿಮೆ ಕೊಡುವುದು ಆಸ್ಪತ್ರೆಗೆ ದಾಖಲಾದಾಗ. ನಮ್ಮ ಮಕ್ಕಳಿಗೆ ದುಡ್ಡು ಕರಗುವುದು ದಾಖಲಾಗದೆ, ವಾರವಾರ ಫಿಸಿಯೋಥೆರಪಿಗೆ, ಮಾತಿನ ತರಬೇತಿಗೆ, ಔಷಧಿಗೆ. ಹಾಗಾಗಿ ದಾಖಲಾಗುವ ಖರ್ಚಿಗೊಂದು, ಥೆರಪಿಗೊಂದು, ಎರಡನ್ನೂ ಹಿಡಿದುಕೊಳ್ಳಿ.

ದಾಖಲಾಗುವ ಖರ್ಚಿಗೆ ಸರ್ಕಾರದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ (ಆ ಚಿಕಿತ್ಸೆಗೆ ಸರ್ಕಾರ ನಿಗದಿ ಮಾಡಿದ ಮೊತ್ತದ) ಶೇ. 30, ವರ್ಷಕ್ಕೆ 1.5 ಲಕ್ಷದ ಮಿತಿ. ತುರ್ತು ಅಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ತೋರಿಸಿ ರೆಫರಲ್ ಪತ್ರ ಪಡೆಯಬೇಕು. ತೀರ್ಥಹಳ್ಳಿ ಕಡೆಯವರು ಮಣಿಪಾಲ, ಮಂಗಳೂರಿಗೆ ಹೊರಡುವ ಮುನ್ನ ಈ ಪತ್ರ ಕೈಯಲ್ಲಿರಲಿ. ಅಲ್ಲಿ ಕೌಂಟರ್ ಮುಂದೆ ನಿಂತ ಮೇಲೆ ಗೊತ್ತಾದರೆ, ಮಳೆಗಾಲದಲ್ಲಿ ಮಗುವನ್ನು ಕಟ್ಟಿಕೊಂಡು ಮತ್ತೆ ಆಗುಂಬೆ ಘಾಟಿ ಹತ್ತಬೇಕಾಗುತ್ತದೆ.

ಥೆರಪಿಗೆ ಇರುವುದು ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ ಮಾತ್ರ. ಬರೀ ಕಿವುಡುತನ ಅಥವಾ ಕಾಲಿನ ಊನವಿದ್ದರೆ ಸಿಗುವುದಿಲ್ಲ. ನೋಂದಣಿ ಶುಲ್ಕ ಬಿಪಿಎಲ್‌ಗೆ 250, ಎಪಿಎಲ್‌ಗೆ 500 ರೂಪಾಯಿ. ನವೀಕರಣಕ್ಕೆ 50 ಮತ್ತು 250. ನೋಂದಣಿಗೆ ಮುಂಚೆ ವೈದ್ಯಕೀಯ ಪರೀಕ್ಷೆ ಇಲ್ಲ. ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಅದರೊಳಗೇ ಒಪಿಡಿ (ದಾಖಲಾಗದೆ ಪಡೆಯುವ ಚಿಕಿತ್ಸೆ), ಥೆರಪಿ, ಹಲ್ಲು, ಓಡಾಟಕ್ಕೆ ಬೇರೆಬೇರೆ ಮಿತಿ. ಇಂಥದೇ ಆಸ್ಪತ್ರೆ ಎಂಬ ಕಟ್ಟುಪಾಡಿಲ್ಲ. ದುಡ್ಡು ಮೊದಲು ನೀವು ಕಟ್ಟಿ, ಆಮೇಲೆ ಕ್ಲೇಮ್ ಮಾಡಬೇಕು.

ಕ್ಲೇಮ್ ಬಿದ್ದುಹೋಗುವುದು ಹೆಚ್ಚಾಗಿ ಬಿಲ್ಲಿನ ತಪ್ಪಿನಿಂದ. ‘ಥೆರಪಿ, ಒಂದು ತಿಂಗಳು’ ಎಂದು ಒಂದೇ ಸಾಲು ಗೀಚಿದ ಚೀಟಿ ತರಬೇಡಿ. ಯಾವ ತಾರೀಕು ಯಾವ ಥೆರಪಿ, ಪ್ರತಿ ಸಲಕ್ಕೆ ಎಷ್ಟು, ಥೆರಪಿಸ್ಟ್ ಹೆಸರು, ಸಹಿ, ಸೀಲು, ನೋಂದಣಿ ಸಂಖ್ಯೆ ಎಲ್ಲವೂ ಇರಲಿ, ಜೊತೆಗೆ ಥೆರಪಿ ಬೇಕೆಂದು ಡಾಕ್ಟರು ಬರೆದ ಚೀಟಿಯೂ ಇರಲಿ. ಅಸಲು ಬಿಲ್ಲನ್ನೇ ಕಳಿಸಬೇಕು, ಝೆರಾಕ್ಸ್ ನಿಮ್ಮಲ್ಲಿಟ್ಟುಕೊಳ್ಳಿ. ಚಿಕಿತ್ಸೆ ಮುಗಿದ 30 ದಿನದೊಳಗೆ ಕಳಿಸಿ. ಇನ್ನೊಂದು ತೊಡಕು ಹೆಸರಿನದು: ಆಧಾರ್‌ನಲ್ಲಿ ಇನಿಶಿಯಲ್ ಮುಂದೆ, ಪಾಸ್‌ಬುಕ್ಕಿನಲ್ಲಿ ಹಿಂದೆ ಇದ್ದರೂ ದುಡ್ಡು ನಿಲ್ಲಬಹುದು. ಮೊದಲೇ ಸರಿಮಾಡಿಸಿ.

ಸಹಕಾರ ಸಂಘದ ಸದಸ್ಯರಾಗಿದ್ದರೆ ಅವರಿಗಾಗಿ ಇರುವ ಯಶಸ್ವಿನಿ ಆರೋಗ್ಯ ಯೋಜನೆಯನ್ನೂ ವಿಚಾರಿಸಿ; ನೋಂದಣಿಗೆ ಅವಧಿ ನಿಗದಿಯಾಗಿರುತ್ತದೆ.

ಖಾಸಗಿ ಪಾಲಿಸಿ ತೆಗೆದುಕೊಳ್ಳುವಾಗ ಅಂಗವೈಕಲ್ಯವನ್ನು ಮುಚ್ಚಿಡಲೇಬೇಡಿ, ಏಜೆಂಟ್ ‘ಬರೆಯೋದು ಬೇಡ ಬಿಡಿ’ ಎಂದರೂ ಬರೆಸಿ. ಮುಚ್ಚಿಟ್ಟದ್ದೇ ನಾಳೆ ಕ್ಲೇಮ್ ತಿರಸ್ಕರಿಸಲು ಕಾರಣವಾಗುತ್ತದೆ. ಅಂಗವಿಕಲರಿಗಾಗಿಯೇ ಒಂದು ಪಾಲಿಸಿ ಇಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ 2023ರಲ್ಲೇ ಕಂಪನಿಗಳಿಗೆ ಹೇಳಿದೆ; ಅದನ್ನೇ ಹೆಸರು ಹಿಡಿದು ಕೇಳಿ. ಕ್ಲೇಮ್ ನಿರಾಕರಿಸಿದರೆ ಕಂಪನಿಗೆ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ, ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಬರೆಯಬಹುದು. ಅದಕ್ಕೆ ಶುಲ್ಕವೂ ಇಲ್ಲ, ವಕೀಲರೂ ಬೇಡ.