ಲೂಪಸ್ ಇದ್ದವರು ಆ್ಯಂಟಿಬಾಡಿ ರಿಪೋರ್ಟ್‌ನಲ್ಲಿ ಏನು ನೋಡಬೇಕು

ಲೂಪಸ್ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಅಂಗಗಳ ಮೇಲೆ ತಿರುಗಿಬೀಳುವ ಕಾಯಿಲೆ; ಆ ವ್ಯವಸ್ಥೆ ತಯಾರಿಸುವ ಪ್ರೋಟೀನ್‌ಗಳೇ ಆ್ಯಂಟಿಬಾಡಿಗಳು. ಮೊದಲು ಎಎನ್‌ಎ (ಲೂಪಸ್ ಪತ್ತೆಗೆ ಮೊದಲು ಮಾಡಿಸುವ ಆ್ಯಂಟಿಬಾಡಿ ಟೆಸ್ಟ್) ವಿಷಯ ಮುಗಿಸಿಬಿಡೋಣ. ಲೂಪಸ್ ಇರುವ ಹೆಚ್ಚುಕಡಿಮೆ ಎಲ್ಲರಿಗೂ ಅದು ಪಾಸಿಟಿವ್ ಬರುತ್ತದೆ, ಆರೋಗ್ಯವಾಗಿರುವ ಕೆಲವರಿಗೂ ಬರುತ್ತದೆ. ಕಾಯಿಲೆ ಗೊತ್ತಾದ ಮೇಲೆ ಅದನ್ನೇ ಮತ್ತೆ ಮತ್ತೆ ಮಾಡಿಸುವುದು ಸುಮ್ನೆ ದುಡ್ಡು ದಂಡ.

ಆಗಾಗ ನೋಡಬೇಕಾದದ್ದು ಆ್ಯಂಟಿ ಡಿಎಸ್‌ಡಿಎನ್‌ಎ (ನಮ್ಮದೇ ಡಿಎನ್‌ಎ ವಿರುದ್ಧದ ಆ್ಯಂಟಿಬಾಡಿ), ಜೊತೆಗೆ ಸಿ3 ಮತ್ತು ಸಿ4 (ರಕ್ಷಣಾ ವ್ಯವಸ್ಥೆ ಬಳಸುವ ರಕ್ತದ ಪ್ರೋಟೀನ್‌ಗಳು). ಮೊದಲನೆಯದು ಏರುತ್ತಾ, ಉಳಿದೆರಡು ಇಳಿಯುತ್ತಾ ಹೋದರೆ ಕಿಡ್ನಿ ಕಡೆ ಗಮನ ಇರಲಿ. ಈ ಆ್ಯಂಟಿಬಾಡಿಗಳು ಕಿಡ್ನಿಯ ಸೋಸುವ ಭಾಗದಲ್ಲಿ ಹೋಗಿ ಕೂತು ಉರಿಯೂತ ಎಬ್ಬಿಸುತ್ತವೆ, ಆ ಗಲಾಟೆಯಲ್ಲಿ ಸಿ3, ಸಿ4 ಖರ್ಚಾಗುತ್ತವೆ, ಅದಕ್ಕೇ ಅವು ಕಡಿಮೆಯಾಗುವುದು. ಕಿಡ್ನಿ ಹಾಳಾಗುವಾಗ ಹೆಚ್ಚಾಗಿ ನೋವು ಇರುವುದಿಲ್ಲ, ಹಾಗಾಗಿ ರಕ್ತ ಕೊಟ್ಟ ದಿನವೇ ಮೂತ್ರವನ್ನೂ ಕೊಡಿ. ಮೂತ್ರದ ಪ್ರೋಟೀನ್-ಕ್ರಿಯಾಟಿನಿನ್ ಅನುಪಾತ 0.5 ದಾಟಿದರೆ ಬಯಾಪ್ಸಿ ಬೇಕಾ ಎಂದು ಡಾಕ್ಟರನ್ನು ನೀವೇ ಕೇಳಿ.

ಒಂದೊಂದು ಲ್ಯಾಬ್‌ನ ವಿಧಾನ ಒಂದೊಂದು. ಆದ್ದರಿಂದ ಪ್ರತಿ ಸಲ ಒಂದೇ ಲ್ಯಾಬ್‌ಗೆ ಹೋಗಿ, ಅಂಕಿಗಳನ್ನು ತಾರೀಖಿನ ಜೊತೆ ಬರೆದಿಡಿ. ಕೆಲವರಿಗೆ ಡಿಎಸ್‌ಡಿಎನ್‌ಎ ವರ್ಷಗಟ್ಟಲೆ ಜಾಸ್ತಿ ಇದ್ದರೂ ಏನೂ ಆಗುವುದಿಲ್ಲ. ಬರೀ ಅಂಕಿ ನೋಡಿ ಸ್ಟೀರಾಯ್ಡ್ ಏರಿಸಿಕೊಳ್ಳಬೇಡಿ, ಹಾಗೆಯೇ ನಾರ್ಮಲ್ ಬಂತೆಂದು ಲೂಪಸ್‌ನ ಮುಖ್ಯ ಮಾತ್ರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಡಲೂಬೇಡಿ.

ಇನ್ನು ಕೆಲವು ಆ್ಯಂಟಿಬಾಡಿಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ. ಇದಕ್ಕೆ ಮೂರು ಟೆಸ್ಟ್: ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್, ಆ್ಯಂಟಿಕಾರ್ಡಿಯೋಲಿಪಿನ್, ಆ್ಯಂಟಿ ಬೀಟಾ-2 ಗ್ಲೈಕೋಪ್ರೋಟೀನ್. ಯಾವುದಾದರೂ ಪಾಸಿಟಿವ್ ಬಂದರೆ ಕನಿಷ್ಠ 12 ವಾರ ಬಿಟ್ಟು ಮತ್ತೆ ಮಾಡಿಸಬೇಕು, ಯಾಕೆಂದರೆ ಜ್ವರ, ಸೋಂಕು ಬಂದಾಗಲೂ ಇವು ಸ್ವಲ್ಪ ದಿನ ಕಾಣಿಸಿಕೊಂಡು ಹೋಗುತ್ತವೆ. ಮೂರೂ ಪಾಸಿಟಿವ್ ಇದ್ದರೆ ಅಪಾಯ ಎಲ್ಲಕ್ಕಿಂತ ಜಾಸ್ತಿ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ತಿದ್ದರೆ ಲ್ಯಾಬ್‌ನವರಿಗೆ ಮೊದಲೇ ಹೇಳಿ, ಅದರಿಂದ ಲೂಪಸ್ ಆ್ಯಂಟಿಕೋಯಾಗ್ಯುಲೆಂಟ್ ಟೆಸ್ಟ್ ತಪ್ಪಾಗಿ ಬರಬಹುದು. ಈ ಆ್ಯಂಟಿಬಾಡಿಗಳಿಂದ ಗರ್ಭಪಾತವೂ ಆಗಬಹುದು, ಹಾಗಾಗಿ ಮತ್ತೆ ಮತ್ತೆ ಗರ್ಭಪಾತ ಆಗುತ್ತಿರುವವರು ಈ ಮೂರನ್ನೂ ಮಾಡಿಸಲೇಬೇಕು. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳು ಸುಮ್ಮನೆ ಮಾತು ಕೇಳಬೇಕಾಗುತ್ತದೆ. ಅದು ಅವರ ತಪ್ಪಲ್ಲ, ಕಾರಣ ಈ ಆ್ಯಂಟಿಬಾಡಿಗಳಾಗಿದ್ದರೆ ಆಸ್ಪಿರಿನ್, ಹೆಪಾರಿನ್ ಕೊಟ್ಟು ಮಗು ಉಳಿಸಿಕೊಳ್ಳುವ ದಾರಿ ಇದೆ.

ಮಗು ಬೇಕೆನ್ನುವವರು ಆ್ಯಂಟಿ ರೋ (ರಿಪೋರ್ಟ್‌ನಲ್ಲಿ Anti-Ro ಅಥವಾ SSA) ಎನ್ನುವ ಆ್ಯಂಟಿಬಾಡಿ ಟೆಸ್ಟ್ ಕೂಡ ಮಾಡಿಸಿಕೊಳ್ಳಿ. ಅದು ಪಾಸಿಟಿವ್ ಇರುವ ತಾಯಂದಿರಲ್ಲಿ ಸುಮಾರು 100ಕ್ಕೆ 2 ಮಕ್ಕಳಿಗೆ ಹೊಟ್ಟೆಯಲ್ಲಿರುವಾಗಲೇ ಹೃದಯದ ಬಡಿತ ತೀರಾ ನಿಧಾನವಾಗುತ್ತದೆ. ಹಿಂದಿನ ಮಗುವಿಗೆ ಹಾಗಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಗರ್ಭ ನಿಲ್ಲುವ ಮೊದಲೇ ರಿಪೋರ್ಟ್ ಕೈಯಲ್ಲಿದ್ದರೆ, 16ನೇ ವಾರದಿಂದ ಮಗುವಿನ ಹೃದಯದ ಸ್ಕ್ಯಾನ್ ಬೇಕಾ ಎಂದು ಡಾಕ್ಟರ್ ಜೊತೆ ಮಾತಾಡಿ ಇಟ್ಟುಕೊಳ್ಳಬಹುದು.