ಕಾರವಾರದ ಮಳೆಗಾಲ ಮತ್ತು ನಮ್ಮ ಆಮೆಯ ಹಾಸು

ಆಮೆ ಸಾಕುವ ಬಗ್ಗೆ ಎಲ್ಲಿ ಓದಿದರೂ ಒಂದೇ ಮಾತು: ಪೆಟ್ಟಿಗೆಯ ತಳಕ್ಕೆ ಹಾಕಿದ ಹಾಸಿನ ಮೇಲೆ ನೀರು ಚಿಮುಕಿಸಿ, ತೇವ ಆರಲು ಬಿಡಬೇಡಿ. ಬರೆದವರಲ್ಲಿ ಹೆಚ್ಚಿನವರು ಚಳಿ ದೇಶದವರು, ಹೀಟರ್ ಹಾಕಿದ ಒಣ ಕೋಣೆಯಲ್ಲಿ ಆಮೆ ಇಟ್ಟವರು. ನಮ್ಮಲ್ಲಿ ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಸ್ಟು ಹಿಡಿಯುತ್ತದೆ. ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುವ ಊರಿನ ತಲೆಬಿಸಿಯೇ ಬೇರೆ, ಅಲ್ವಾ?

ನನ್ನ ಹತ್ತಿರ ಇರುವುದು ರೆಡ್‌ಫುಟ್ ಎಂಬ ನೆಲದ ಆಮೆ, ದಕ್ಷಿಣ ಅಮೆರಿಕದ್ದು. ನಮ್ಮ ದೇಶದ ನಕ್ಷತ್ರ ಆಮೆಯನ್ನು ಮನೆಯಲ್ಲಿ ಸಾಕುವುದು ಕಾನೂನಿಗೆ ವಿರುದ್ಧ. ಇಂಥ ವಿದೇಶಿ ಆಮೆಗೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಆ ಕೆಲಸ ಮೊದಲು ಮುಗಿಸಿಕೊಳ್ಳಿ.

ರೆಡ್‌ಫುಟ್‌ಗೆ ಗಾಳಿಯಲ್ಲಿ 70ರಿಂದ 80 ಶೇಕಡಾ ತೇವ ಬೇಕು. ಎಳೆಯ ಆಮೆಗೆ ಒಣ ಹವೆಯಾದರೆ ಬೆನ್ನಿನ ಚಿಪ್ಪು ಉಬ್ಬು ಉಬ್ಬಾಗಿ ಏಳುತ್ತದೆ. ಹಾಗಂತ ಹೊಟ್ಟೆ ಕಡೆಯ ಚಿಪ್ಪು ಸದಾ ಒದ್ದೆಯಲ್ಲೇ ಇದ್ದರೆ ಅದು ಕೊಳೆಯಲು ಶುರುವಾಗುತ್ತದೆ. ಅಡಿಯಲ್ಲಿ ಹಸಿ, ಮೇಲೆ ಒಣ. ನನ್ನ ಹಾಸು ಪೂರ್ತಿ ನಿಂತಿರುವುದು ಇದರ ಮೇಲೆ.

ಸಮುದ್ರದ ಮರಳು ಸುಮ್ನೆ ಸಿಗುತ್ತದೆ ಎಂದು ತರಬೇಡಿ. ಉಪ್ಪು ಒಂದು ಕಡೆ. ಸೊಪ್ಪಿನ ಜೊತೆ ಹೊಟ್ಟೆಗೆ ಹೋದ ಮರಳು ಕರುಳಿನಲ್ಲಿ ಕಟ್ಟಿಕೊಳ್ಳಬಹುದು. ಪೇಪರ್ ಮೇಲೆ ಕಾಲು ಜಾರುತ್ತದೆ, ಅಗೆಯಲೂ ಆಗುವುದಿಲ್ಲ. ಸಾಮಿಲ್ಲಿನ ಹೊಟ್ಟು ಬರೀ ದೂಳು. ಶಿರಸಿಯ ಭಾವ "ಅಡಕೆ ಸಿಪ್ಪೆ ಇದ್ದು ಮಾರಾಯಾ, ಅದೇ ಹಾಕು" ಎಂದರು. ಆ ಒರಟು ನಾರು ಆಮೆಯ ಬಾಯಿಗೆ ಹೋದರೆ ಕಷ್ಟ. ಬೇಡ ಎಂದೆ.

ಕೊನೆಗೆ ಗಟ್ಟಿಯಾಗಿ ನಿಂತದ್ದು ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಮತ್ತು ಕೆಂಪು ಮಣ್ಣು. ಎರಡು ಪಾಲು ಕೋಕೋಪೀಟ್, ಒಂದು ಪಾಲು ಮಣ್ಣು. ನಮ್ಮ ಕೆಂಪು ಮಣ್ಣನ್ನೊಂದೇ ಹಾಕಿದರೆ ಮಳೆಯಲ್ಲಿ ಅಂಟು, ಏಪ್ರಿಲ್‌ನಲ್ಲಿ ಕಲ್ಲು. ಕೋಕೋಪೀಟ್ ಅದನ್ನು ಸಡಿಲ ಮಾಡುತ್ತದೆ. ಆದರೆ ತೆಂಗಿನ ನಾರನ್ನು ಚೌಳು ನೀರಿನಲ್ಲಿ ನೆನೆಹಾಕುವುದುಂಟು, ಪುಡಿಯಲ್ಲಿ ಉಪ್ಪು ಉಳಿದಿರುತ್ತದೆ. ನಾನು ನೆನೆಸಿ, ಹಿಂಡಿ, ನೀರು ತಿಳಿಯಾಗುವವರೆಗೆ ತೊಳೆಯುತ್ತೇನೆ. ಹದ ನೋಡುವುದು ಕೈಯಲ್ಲೇ. ಒಂದು ಮುಷ್ಟಿ ಹಿಡಿದು ಹಿಚುಕಬೇಕು. ಬೆರಳ ಸಂದಿಯಿಂದ ನೀರು ಇಳಿದರೆ ಜಾಸ್ತಿಯಾಯಿತು. ಉಂಡೆಯಾಗಿ ನಿಂತು, ಬೆರಳು ತಾಗಿಸಿದರೆ ಉದುರಬೇಕು. ಐದಾರು ಇಂಚು ದಪ್ಪ ಹಾಕಿದರೆ ಆಮೆ ಮುಂಗಾಲಿನಿಂದ ಕೆರೆದು, ಭುಜ ತೂರಿಸಿ, ಅರ್ಧ ಚಿಪ್ಪು ಹುಗಿದು ಮಲಗುತ್ತದೆ.

ಎಲ್ಲಕ್ಕಿಂತ ಮೇಲೆ ದರಕು, ಅಂದರೆ ಉದುರಿದ ಒಣ ಎಲೆ. ಒಣ ಎಲೆ ಇದ್ದರೆ ಹೊಟ್ಟೆ ಚಿಪ್ಪಿಗೆ ಹಸಿ ನೇರವಾಗಿ ತಾಗುವುದಿಲ್ಲ. ಮಾವು, ಹಲಸಿನ ಎಲೆ ಸಾಕು. ಅಡಕೆ ತೋಟದ ದರಕು ಮಾತ್ರ ಬೇಡವೇ ಬೇಡ. ಕೊಳೆರೋಗಕ್ಕೆ ಹೊಡೆದ ಬೋರ್ಡೋ ದ್ರಾವಣದ ಮೈಲುತುತ್ತು ಎಲೆಗೂ ನೆಲಕ್ಕೂ ಬಿದ್ದಿರುತ್ತದೆ. ಮನೆಯ ಮರದ ಎಲೆಯನ್ನೂ ಬಿಸಿಲಿನಲ್ಲಿ ಹರಡಿ, ಚಗಳಿ ಇರುವೆ, ಜರಿ ಎಲ್ಲ ಹೊರಟ ಮೇಲೆ ಹಾಕುತ್ತೇನೆ. ಮಳೆಗಾಲಕ್ಕೆ ಬೇಕಾದಷ್ಟನ್ನು ಮೇ ತಿಂಗಳಲ್ಲೇ ಚೀಲ ಕಟ್ಟಿ ಅಟ್ಟದಲ್ಲಿಡಬೇಕು. ಆಷಾಢದಲ್ಲಿ ಒಣ ಎಲೆ ಎಲ್ಲಿಂದ ತರುವುದು?

ಮಳೆಗಾಲದಲ್ಲಿ ನೀರು ಚಿಮುಕಿಸುವ ಮಾತೇ ಇಲ್ಲ. ಪೆಟ್ಟಿಗೆಯ ತಳಕ್ಕೆ ತೂತು, ಅದರ ಮೇಲೆ ಹಂಚಿನ ಚೂರು, ಚೂರು ಮೇಲೆ ಬಾರದಂತೆ ನೆಟ್, ಕೆಳಗೆ ನಾಲ್ಕು ಮೂಲೆಗೆ ಇಟ್ಟಿಗೆ. ವಾರಕ್ಕೊಮ್ಮೆ ಆಮೆಯನ್ನು ಎತ್ತಿ ಹೊಟ್ಟೆ ಚಿಪ್ಪು ನೋಡುತ್ತೇನೆ. ಮೆತ್ತಗಾಗಿದ್ದರೆ, ವಾಸನೆ ಬಂದರೆ, ಚಿಪ್ಪಿನ ಸಂದಿ ಕೆಂಪಾಗಿದ್ದರೆ ಒಣ ಜಾಗಕ್ಕೆ ಹಾಕಿ ಡಾಕ್ಟರಿಗೆ ತೋರಿಸಬೇಕು. ಊಟವನ್ನು ಹಾಸಿನ ಮೇಲೆ ಸುರಿಯದೆ ಚಪ್ಪಟೆ ಕಲ್ಲಿನ ಮೇಲೆ ಇಡುತ್ತೇನೆ.

ಹಿಕ್ಕೆ ದಿನಾ ತೆಗೆಯುವುದು. ಪೂರ್ತಿ ಹಾಸು ಬದಲಿಸುವುದು ಮೃಗಶಿರ ಮಳೆಗೆ ಮುಂಚೆ ಒಮ್ಮೆ, ದೀಪಾವಳಿ ಹೊತ್ತಿಗೆ ಇನ್ನೊಮ್ಮೆ. ಹಳೆಯದು ತೆಂಗಿನ ಬುಡಕ್ಕೆ ಹೋಗುತ್ತದೆ. ಆಮೆಯ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ರೋಗಾಣು ಇರಬಹುದಾದ್ದರಿಂದ ಹರಿವೆ ಸಾಲಿಗೆ ಹಾಕುವುದಿಲ್ಲ, ಕೈಯನ್ನೂ ಸೋಪು ಹಚ್ಚಿಯೇ ತೊಳೆಯುವುದು.