ಬಳಪದ ಕಲ್ಲಲ್ಲಿ ಮಕರ ಕೆತ್ತಿದ ನನ್ನ ಅನುಭವ

ಹಳೇಬೀಡಲ್ಲಿ ಗೈಡುಗಳು ಮಕರ ಅನ್ನೋ ಕಾಲ್ಪನಿಕ ಪ್ರಾಣೀನ ತೋರಿಸಿ ಹೇಳೋದು ನಿಮಗೂ ಗೊತ್ತಿರುತ್ತೆ, ಮೊಸಳೆ ಬಾಯಿ, ಆನೆ ಸೊಂಡಿಲು, ಕೋತಿ ಕಣ್ಣು, ಹಸು ಕಿವಿ, ಹಂದಿ ಮೈ, ಸಿಂಹದ ಕಾಲು, ನವಿಲಿನ ಬಾಲ. ನಿಜಾನೇ, ಆದ್ರೆ ಈ ಲಿಸ್ಟ್ ಇಟ್ಕೊಂಡು ಉಳಿ ಹಿಡಿಯೋಕಾಗಲ್ಲ. ಕೆತ್ತೋರಿಗೆ ಬೇಕಾಗಿರೋದು ಒಂದು ಪ್ರಾಣಿ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತೆ ಅನ್ನೋದು.

ಅದಕ್ಕೇ ನಾನು ಹೊಯ್ಸಳೇಶ್ವರ ಗುಡಿ ಗೋಡೆ ಬುಡದಲ್ಲಿರೋ ಸಾಲುಗಳ ಫೋಟೋ ತುಂಬಾ ತೆಗೆದೆ. ಕೆಳಗೆ ಆನೆ, ಮೇಲಕ್ಕೆ ಹೋಗ್ತಾ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆ, ಆಮೇಲೆ ಮಕರ, ಅದರ ಮೇಲೆ ಹಂಸ. ಝೂಮ್ ಮಾಡಿ ನೋಡಿದ್ರೆ ಆ ಶಿಲ್ಪಿಗಳ ಉಪಾಯ ಗೊತ್ತಾಗುತ್ತೆ, ಸೊಂಟದ ಹತ್ರ ಹಂದಿ ಮೈ ನಿಲ್ಲೋ ಜಾಗದಲ್ಲೇ ಬಾಲದ ಗರಿ ಬಳ್ಳಿ ಥರ ಸುರುಳಿ ಸುತ್ಕೊಂಡು ಮೇಲೇಳುತ್ತೆ, ಜೋಡಣೆ ಎಲ್ಲಿದೆ ಅಂತ ಕಣ್ಣಿಗೆ ಸಿಗೋದೇ ಇಲ್ಲ. ಎಂಥಾ ಕೈ ಅದು!

ನಾನೂ ಅದೇ ದಾರಿ ಹಿಡಿದೆ. ಕಲ್ಲಿನ ಮೇಲೆ ಪೆನ್ಸಿಲಲ್ಲಿ ಮೊದಲು ಹಾಕಿದ್ದು ಒಂದೇ ಗೆರೆ, ಸೊಂಡಿಲ ತುದಿಯಿಂದ ಬೆನ್ನು ಹಾದು ಬಾಲದ ಕೊನೇವರೆಗೂ ಎಲ್ಲೂ ಮುರೀದಂಗೆ. ಅವಯವ ಎಲ್ಲಾ ಆಮೇಲೆ ಆ ಗೆರೆಗೆ ಹೊಂದ್ಕೋಬೇಕು. ಬಳಪದ ಕಲ್ಲು ಮೆದು, ಹೊಸದಾಗಿ ತೆಗೆದಿದ್ರಂತೂ ಸಲೀಸು, ಹೊಯ್ಸಳರು ಅಷ್ಟು ಸಣ್ಣ ಕುಸುರಿ ಮಾಡೋಕಾಗಿದ್ದೂ ಇದರಿಂದ್ಲೇ. ಆದ್ರೆ ಪುಡಿ ಜಾಸ್ತಿ, ಮಾಸ್ಕ್ ಇಲ್ದೆ ಕೂರಬೇಡಿ, ಆಗಾಗ ನೀರು ಚಿಮುಕಿಸ್ತಾ ಇರಿ. ಬಾಯೇ ಎಲ್ಲಕ್ಕಿಂತ ಕಷ್ಟ, ಮೇಲಿನ ದವಡೆಯೇ ಉದ್ದ ಆಗ್ತಾ ಹೋಗಿ ಸೊಂಡಿಲಾಗಿ ಮೇಲಕ್ಕೆ ಸುತ್ಕೋಬೇಕು, ಅದಕ್ಕೆ ಮೊದಲು ಬಾಯೊಳಗಿನ ಆಳ ತೆಗೆದು, ಹಲ್ಲು ಬಿಡಿಸೋ ಜಾಗದಲ್ಲಿ ಕಲ್ಲು ಉಳಿಸ್ಕೊಂಡು, ಕೊನೆಗೆ ಸಣ್ಣ ಉಳಿಯಲ್ಲಿ ಒಂದೊಂದೇ ಹಲ್ಲು ಬಿಡಿಸಿದೆ. ಉಜ್ಜು ಕಾಗದ ಹಾಕಿದ್ಮೇಲೆ ಸ್ವಲ್ಪ ಎಣ್ಣೆ ಸವರಿದ್ರೆ ಕಪ್ಪು ಬಣ್ಣ ಎದ್ದು ಬರುತ್ತೆ.

ಮುಂದೆ ಗಂಡಭೇರುಂಡ ಮಾಡ್ಬೇಕು ಅಂತಿದೆ. ಬಳ್ಳಿಗಾವಿಯಲ್ಲಿ 1047ರ ಕಂಬದ ಮೇಲಿರೋದು ಮನುಷ್ಯನ ಮೈಗೆ ಎರಡು ಹಕ್ಕಿ ತಲೆ, ಅಲ್ಲಿ ಜೋಡಣೆ ಮುಚ್ಚೋಕೆ ನವಿಲು ಬಾಲ ಇಲ್ಲ, ಕುತ್ತಿಗೆಯಲ್ಲೇ ಎಲ್ಲಾ ತೀರ್ಮಾನ ಆಗ್ಬೇಕು. ಅದರ ಫೋಟೋ ಹತ್ತಿರದಿಂದ ತೆಗೆದಿರೋರು ಇದ್ರೆ ದಯವಿಟ್ಟು ಕಳಿಸಿ.